ಮಕ್ಕಳ ದೌರ್ಜನ್ಯ ಪಟ್ಟಿಯಲ್ಲಿ ಹೆಸರು: ಪ್ರಶ್ನಿಸುವುದು ಹೇಗೆ?

ನಮ್ಮಲ್ಲಿ ಅನೇಕರ ಬಂಧುಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾರೆ. ಅಲ್ಲಿನ ಒಂದು ಕಾನೂನನ್ನು ಅವರೂ ನಾವೂ ತಿಳಿದಿರುವುದು ಒಳ್ಳೆಯದು.

ಮಕ್ಕಳ ಮೇಲಿನ ದೌರ್ಜನ್ಯದ ಕೇಂದ್ರ ಪಟ್ಟಿಯನ್ನು ಆ ರಾಜ್ಯವು 1965ರಿಂದ ಇಟ್ಟುಕೊಂಡು ಬಂದಿದೆ. ಶಿಶುಪಾಲನಾ ಕೇಂದ್ರದ ಪರವಾನಗಿ, ದತ್ತು ಸ್ವೀಕಾರ ಮುಂತಾದ ಸಂದರ್ಭಗಳಲ್ಲಿ ಇದನ್ನು ಪರಿಶೀಲಿಸುತ್ತಾರೆ. ಹೆಸರು ಸೇರಲು ನ್ಯಾಯಾಲಯದ ತೀರ್ಪು ಬೇಕಿಲ್ಲ. ದೂರು ನಿಜವಾಗಿರುವ ಸಂಭವವೇ ಹೆಚ್ಚೆಂದು ತನಿಖೆ ಮಾಡಿದ ಕೌಂಟಿಯ ಮಕ್ಕಳ ಕಲ್ಯಾಣ ಅಧಿಕಾರಿಗಳಿಗೆ ಕಂಡರೆ ಸಾಕು. ತೆಗೆಸದಿದ್ದರೆ ಆ ಹೆಸರು ವ್ಯಕ್ತಿಗೆ 100 ವರ್ಷ ತುಂಬುವವರೆಗೂ ಉಳಿಯಬಹುದು.

2001ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ದಂಪತಿಗಳಿಬ್ಬರ ಮೇಲೆ ದೂರು ಬಂತು. ನ್ಯಾಯಾಲಯ ಅವರನ್ನು ನಿರ್ದೋಷಿಗಳೆಂದರೂ ಹೆಸರು ಪಟ್ಟಿಯಲ್ಲೇ ಉಳಿಯಿತು. ಪ್ರಶ್ನಿಸಲು ಸರಿಯಾದ ದಾರಿಯಿಲ್ಲದಿರುವುದು ಸಂವಿಧಾನಕ್ಕೆ ವಿರುದ್ಧವೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. 2012ರಿಂದ ವಿಚಾರಣೆಯ ಹಕ್ಕು ಕಾನೂನಿನಲ್ಲೇ ಸೇರಿದೆ.

ಹೆಸರು ಸೇರಿಸಿದ ನೋಟೀಸು ಬಂದರೆ 30 ದಿನಗಳೊಳಗೆ ಲಿಖಿತವಾಗಿ ವಿಚಾರಣೆ ಕೇಳಬೇಕು. ವಕೀಲರನ್ನು ಕರೆತರುವ, ಸಾಕ್ಷಿ ಒದಗಿಸುವ ಅವಕಾಶವಿದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಸುಪೀರಿಯರ್ ಕೋರ್ಟಿಗೆ ಹೋಗಬಹುದು. ಆದರೆ ದೌರ್ಜನ್ಯ ನಡೆದಿದೆಯೆಂದು ನ್ಯಾಯಾಲಯವೇ ತೀರ್ಮಾನಿಸಿದ್ದರೆ ಈ ವಿಚಾರಣೆ ಸಿಗದು.

ಮಕ್ಕಳ ರಕ್ಷಣೆಗೆ ಇಂಥ ಪಟ್ಟಿ ಬೇಕೇ ಬೇಕು. ಆದರೆ ನಿರಪರಾಧಿಯ ಹೆಸರು ಅದರಲ್ಲಿದ್ದರೆ ಯಾವ ಮಗುವಿಗೂ ಪ್ರಯೋಜನವಿಲ್ಲ. ನೋಟೀಸನ್ನು ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ವಕೀಲರಿಗೆ ತೋರಿಸುವಂತೆ ನಿಮ್ಮವರಿಗೆ ತಿಳಿಸಿರಿ.