ಕಿರುಬೆರಳಿನ ಸಂದಿ ನೋಡಿದ್ದೀರಾ?

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕರಾವಳಿಯ ಗದ್ದೆಗಿಳಿದವರಲ್ಲಿ ಕೆಸರುಹುಣ್ಣು ಯಾರಿಗಿಲ್ಲ? ಮದರಂಗಿ ಅರೆದು ಹಚ್ಚಿ ಮಲಗಿದರಾಯಿತು ಎನ್ನುವವರೇ ಹೆಚ್ಚು. ಗಟ್ಟಿ ಆಳಿಗೆ ಅಷ್ಟು ಸಾಕಾಗಲೂಬಹುದು. ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವ ನರ್ಸ್ ನಾನು, ನನಗೆ ಭಯ ಹುಟ್ಟಿಸುವ ಪಾದವೇ ಬೇರೆ. ಮುಟ್ಟಿದರೆ ತಣ್ಣಗೆ, ರೋಮ ಉದುರಿ ಚರ್ಮ ಮಿರಮಿರ ಮಿನುಗುತ್ತಿರುತ್ತದೆ. ಹೆಚ್ಚಾಗಿ ಸಕ್ಕರೆ ಕಾಯಿಲೆಯವರದು, ಇಲ್ಲವೇ ಬೀಡಿ ಬಿಡಲಾಗದವರದು.

ಅಂಥವರು ಬಂದರೆ ಮೊದಲು ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಅಗಲಿಸಿ ನೋಡುತ್ತೇನೆ. ಕೆಸರುಹುಣ್ಣಿನ ಶಿಲೀಂಧ್ರಕ್ಕೆ ಪ್ರಿಯವಾದ ಜಾಗ ಅದು. ಬಿಳಿಚಿ ಮೆತ್ತಗಾದ ಚರ್ಮ, ನಡುವೆ ಸಣ್ಣ ಬಿರುಕು. "ನೋವೇ ಇಲ್ಲ ಸಿಸ್ಟರ್" ಅನ್ನುತ್ತಾರೆ. ನರ ಮರಗಟ್ಟಿದ ಪಾದಕ್ಕೆ ನೋವು ಗೊತ್ತಾಗುವುದಾದರೂ ಹೇಗೆ!

ಶಿಲೀಂಧ್ರ ತಿನ್ನುವುದು ಚರ್ಮದ ಮೇಲ್ಪದರದ ಕೆರಾಟಿನ್ ಅನ್ನು. ಅಪಾಯ ಇರುವುದು ಆ ಬಿರುಕಿನಲ್ಲಿ ನುಸುಳುವ ಬ್ಯಾಕ್ಟೀರಿಯಾದಿಂದ. ಅದರೊಡನೆ ಹೋರಾಡುವ ಬಿಳಿ ರಕ್ತಕಣ, ನಾವು ಕೊಡುವ ಆ್ಯಂಟಿಬಯೋಟಿಕ್, ಎರಡೂ ರಕ್ತದಲ್ಲೇ ಬರಬೇಕು. ಆ ತಣ್ಣನೆಯ ಪಾದಗಳಂತೆ ರಕ್ತನಾಳ ಕಿರಿದಾದ ಕಾಲಿಗೆ ಅದು ಬರುವುದು ಅರೆಬರೆ. ಉಗುರಿನ ಶಿಲೀಂಧ್ರಕ್ಕೆ ನುಂಗುವ ಟರ್ಬಿನಾಫಿನ್ ಮಾತ್ರೆಗೂ ಅದೇ ದಾರಿ. ಸಾಮಾನ್ಯವಾಗಿ 12 ವಾರದ ಚಿಕಿತ್ಸೆ ಅದು. ಆರೋಗ್ಯವಂತರಿಗೇ ಕಾಲ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಹಿಡಿಯುತ್ತದೆ. ರಕ್ತ ಕಡಿಮೆಯಾದ ಕಾಲಲ್ಲಿ ಇನ್ನೂ ತಡ.

ಆದ್ದರಿಂದ ಮುಲಾಮಿನ ಜೊತೆಗೆ ರಕ್ತಸಂಚಾರದ ಪರೀಕ್ಷೆಯನ್ನೂ ಕೇಳಿ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುತ್ತಾರೆ, 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆಯಿಂದ ನಾಳ ಗಡುಸಾಗಿದ್ದರೆ ಈ ಅಂಕಿ ಸುಳ್ಳು ಹೇಳುವುದೂ ಉಂಟು, ಆಗ ಬೇರೆ ಪರೀಕ್ಷೆ ಬೇಕು. ಈ ಲೆಕ್ಕ ತಿಳಿಯದೆ ಊತಕ್ಕೆಂದು ಬಿಗಿ ಸ್ಟಾಕಿಂಗ್ ಹಾಕಬೇಡಿ.

ನನಗೆ ಸಿಟ್ಟು ಬರುವುದು ಚೀಟಿಯಿಲ್ಲದೆ ಸಿಗುವ ಮಿಶ್ರ ಮುಲಾಮಿನ ಟ್ಯೂಬುಗಳ ಮೇಲೆ. ಅವುಗಳಲ್ಲಿನ ಕ್ಲೊಬೆಟಾಸಾಲ್‌ನಂಥ ಸ್ಟೀರಾಯ್ಡ್ ತುರಿಕೆಯನ್ನು ಬೇಗ ಅಡಗಿಸುತ್ತದೆ, ಶಿಲೀಂಧ್ರ ಮಾತ್ರ ಸದ್ದಿಲ್ಲದೆ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ. ಬಿಸಿನೀರಲ್ಲಿ ಕಾಲಿಡುವುದೂ ಬೇಡ, ಮರಗಟ್ಟಿದ ಪಾದ ಬೆಂದರೂ ಗೊತ್ತಾಗದು.

ತೊಳೆದ ಮೇಲೆ ಬೆರಳ ಸಂದಿಯನ್ನು ಹತ್ತಿ ಬಟ್ಟೆಯಿಂದ ಒರೆಸಿ. ಬಗ್ಗಲಾಗದ ಅಜ್ಜನಿಗೆ ಮೊಮ್ಮಕ್ಕಳು ಒರೆಸಲಿ. ಒಡೆದ ಹಿಮ್ಮಡಿಗೆ ಎಣ್ಣೆ ಸರಿ, ಸಂದಿಗೆ ಬೇಡ. ನಮ್ಮ ಕಪ್ಪು ಚರ್ಮದಲ್ಲಿ ಸೋಂಕಿನ ಕೆಂಪು ಕಾಣದೆ ಹೋಗಬಹುದು. ಪಾದ ಬಿಸಿಯಾಗಿ ಊದಿದರೆ, ಬೆರಳು ಕಪ್ಪಾದರೆ, ಚಳಿಜ್ವರ ಬಂದರೆ ಅಂದೇ ಆಸ್ಪತ್ರೆಗೆ ಬನ್ನಿ. ನೇಜಿ ನಾಟಿ ಮುಗಿಯಲಿ ಎಂದು ಕಾಯಬೇಡಿ.