ಟಗ್ ಹೊಳೆಯ ಹಗೆಯೂ ಅದರ ಪ್ರೇಕ್ಷಕರೂ

2012ನೆಯ ಇಸವಿಯ ಮೇ ತಿಂಗಳ ಕೊನೆಯಲ್ಲಿ, ಮೂರು ರಾತ್ರಿಗಳ ಕಾಲ, ಅಮೆರಿಕದ ಕೋಟ್ಯಂತರ ಜನರು ತಮ್ಮ ಮನೆಗಳ ಟೆಲಿವಿಷನ್ ಪೆಟ್ಟಿಗೆಗಳ ಮುಂದೆ ಕುಳಿತು ನೂರಿಪ್ಪತ್ತೈದು ವರ್ಷಗಳ ಹಿಂದಿನ ಒಂದು ಮನೆತನದ ಜಗಳವನ್ನು ನೋಡಿದರು. ಹಿಸ್ಟರಿ ವಾಹಿನಿಯವರು ಪ್ರಸಾರ ಮಾಡಿದ ಆ ನಾಟಕದ ಹೆಸರು ‘ಹ್ಯಾಟ್‌ಫೀಲ್ಡ್ಸ್ ಅಂಡ್ ಮೆಕಾಯ್ಸ್’. ಮೊದಲನೆಯ ರಾತ್ರಿ ಹೆಚ್ಚುಕಡಿಮೆ 1 ಕೋಟಿ 39 ಲಕ್ಷ ಪ್ರೇಕ್ಷಕರು. ಮೂರನೆಯ ರಾತ್ರಿಗೆ ಆ ಸಂಖ್ಯೆ ಇನ್ನಷ್ಟು ಏರಿತು. ಇತಿಹಾಸವನ್ನು ಉಪನ್ಯಾಸದ ರೂಪದಲ್ಲಿ ಉಣಬಡಿಸುತ್ತಿದ್ದ ವಾಹಿನಿಯೊಂದು ಮೊಟ್ಟಮೊದಲ ಬಾರಿಗೆ ನಾಟಕಕ್ಕೆ ಕೈಹಾಕಿ ಈ ಬಗೆಯ ಜನಾದರವನ್ನು ಗಳಿಸಿದ್ದು ಅದರ ಒಡೆಯರಿಗೇ ಅಚ್ಚರಿಯನ್ನುಂಟುಮಾಡಿದ್ದರೆ ಆಶ್ಚರ್ಯವಿಲ್ಲ.

ಕಥೆಯನ್ನು ಅರಿಯದ ವಾಚಕರಿಗಾಗಿ ಸಂಕ್ಷೇಪವಾಗಿ ಹೇಳುವುದಾದರೆ, ಕೆಂಟಕಿ ಮತ್ತು ವೆಸ್ಟ್ ವರ್ಜೀನಿಯಾ ರಾಜ್ಯಗಳ ನಡುವೆ ಟಗ್ ಎಂಬ ಹೊಳೆಯೊಂದು ಹರಿಯುತ್ತದೆ. ಅದರ ಆಚೆಯ ದಂಡೆಯಲ್ಲಿ ಹ್ಯಾಟ್‌ಫೀಲ್ಡ್ ಮನೆತನ. ಹಿರಿಯನ ಹೆಸರು ಆಂಡರ್ಸನ್, ಜನರು ಕರೆಯುತ್ತಿದ್ದುದು ‘ಡೆವಿಲ್ ಆ್ಯನ್ಸ್’ ಎಂದು. ಈಚೆಯ ದಂಡೆಯಲ್ಲಿ ರ್‍ಯಾಂಡಾಲ್ಫ್ ಮೆಕಾಯ್‌ನ ಸಂಸಾರ. 1865ರ ಜನವರಿಯಲ್ಲಿ, ಅಂತರ್ಯುದ್ಧ ಮುಗಿಯುತ್ತಿದ್ದ ಕಾಲದಲ್ಲಿ, ಉತ್ತರದವರ ಸೈನ್ಯದಲ್ಲಿದ್ದ ಮೆಕಾಯ್‌ನ ತಮ್ಮ ಏಸಾ ಹಾರ್ಮನ್ ಕೊಲೆಯಾದನು. ಬಳಿಕ 1878ರಲ್ಲಿ ಒಂದು ಹಂದಿಯ ಒಡೆತನದ ಬಗ್ಗೆ ವ್ಯಾಜ್ಯ ಹುಟ್ಟಿತು. ಪಂಚಾಯಿತಿಗೆ ಕುಳಿತವರಲ್ಲಿ ಆರು ಮಂದಿ ಹ್ಯಾಟ್‌ಫೀಲ್ಡರು, ಆರು ಮಂದಿ ಮೆಕಾಯ್‌ಗಳು. ಮೆಕಾಯ್ ಪಂಚರಲ್ಲಿ ಒಬ್ಬನು ಎದುರು ಪಕ್ಷಕ್ಕೆ ಮತ ಕೊಟ್ಟನು. ಹಂದಿ ಹೋಯಿತು, ಹಗೆ ಉಳಿಯಿತು.

1882ರ ಆಗಸ್ಟಿನಲ್ಲಿ ಚುನಾವಣೆಯ ದಿವಸ ಮೆಕಾಯ್‌ನ ಮೂವರು ಮಕ್ಕಳು ಡೆವಿಲ್ ಆ್ಯನ್ಸನ ತಮ್ಮ ಎಲ್ಲಿಸನ್‌ನನ್ನು ಚೂರಿಯಿಂದ ತಿವಿದು ಗುಂಡು ಹಾರಿಸಿದರು. ಅವನು ಪ್ರಾಣ ಬಿಟ್ಟ ಕೂಡಲೇ ಆ ಮೂವರನ್ನೂ ಹೊಳೆಯ ದಡದಲ್ಲಿ ಪೊದೆಗಳಿಗೆ ಕಟ್ಟಿ ಕೊಂದರು. 1888ರ ಹೊಸವರ್ಷದ ದಿನ ರಾತ್ರಿ ಮೆಕಾಯ್‌ನ ಮನೆಗೆ ಬೆಂಕಿ ಬಿತ್ತು. ಮಗ ಕ್ಯಾಲ್ವಿನ್, ಮಗಳು ಆ್ಯಲಿಫೇರ್ ಗುಂಡಿಗೆ ಬಲಿಯಾದರು. ತಾಯಿ ಸ್ಯಾಲಿಯನ್ನು ಸಾಯುವಂತೆ ಬಡಿದರು. ರ್‍ಯಾಂಡಾಲ್ಫನು ಈ ಹಗೆಗೆ ತೆತ್ತದ್ದು ಐದು ಮಕ್ಕಳನ್ನು.

ಇಂಥ ಕಥೆಯನ್ನು ನೋಡಿದವರು ಸುಮ್ಮನಿರುವುದುಂಟೆ? ಅಭಿಪ್ರಾಯಗಳ ಮಹಾಪೂರವೇ ಹರಿಯಿತು. ನಟನೆಯ ವಿಷಯದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿರಲಿಲ್ಲ. ಡೆವಿಲ್ ಆ್ಯನ್ಸನ ಪಾತ್ರ ವಹಿಸಿದ ಕೆವಿನ್ ಕಾಸ್ಟ್‌ನರ್‌ಗೂ, ಅವನ ಮಾವ ಜಿಮ್ ವ್ಯಾನ್ಸ್‌ನ ಪಾತ್ರದ ಟಾಮ್ ಬೆರೆಂಜರ್‌ಗೂ ಅದೇ ವರ್ಷ ಎಮ್ಮಿ ಪ್ರಶಸ್ತಿ ದೊರೆಯಿತು. ಮೆಕಾಯ್‌ನ ಪಾತ್ರದಲ್ಲಿ ಬಿಲ್ ಪ್ಯಾಕ್ಸ್‌ಟನ್ ತೋರಿದ ಕಹಿ, ದೇವರಲ್ಲಿ ನಂಬಿಕೆ ಕಳೆದುಕೊಳ್ಳುತ್ತ ಹೋಗುವ ಮುದುಕನ ಆ ಕರಗುವಿಕೆ, ನಮ್ಮ ಮಟ್ಟಿಗೆ ಇನ್ನೂ ಮೇಲಾದದ್ದು. ಪ್ರಶಸ್ತಿ ಅವನಿಗೆ ದೊರೆಯದೆ ಹೋದುದು ಅನ್ಯಾಯವೇ ಸರಿ. (ಪ್ಯಾಕ್ಸ್‌ಟನ್ 2017ರಲ್ಲಿ ತೀರಿಕೊಂಡನು.)

ಆಕ್ಷೇಪಣೆಗಳು ಬೇರೆ ಕಡೆಯಿಂದ ಬಂದವು. ಗಡ್ಡ ಮೀಸೆಗಳ ನಡುವೆ ಯಾರು ಯಾವ ಪಕ್ಷದವರೆಂಬುದೇ ತಿಳಿಯದೆಂದು ಕೆಲವರು ನಕ್ಕರು. ಅಪಲೇಚಿಯನ್ ಬೆಟ್ಟಗಳ ಕಥೆಯನ್ನು ಯೂರೋಪಿನ ರುಮೇನಿಯಾ ದೇಶಕ್ಕೆ ಹೋಗಿ ಚಿತ್ರಿಸಿದರೆಂಬುದು ಆ ಬೆಟ್ಟದ ಜನರಿಗೆ ನುಂಗಲಾರದ ತುತ್ತಾಯಿತು. ಖರ್ಚು ಕಡಿಮೆಯೆಂಬ ಸಮಾಧಾನ ನಿರ್ಮಾಪಕರಿಗಿರಬಹುದು. ತಮ್ಮ ಅಜ್ಜಂದಿರು ಸತ್ತ ನೆಲವನ್ನು ಬಿಟ್ಟು ಕಾರ್ಪೇಥಿಯನ್ ಕಾಡಿನಲ್ಲಿ ಅವರನ್ನು ಮತ್ತೊಮ್ಮೆ ಸಾಯಿಸಿದ್ದು ಯಾರಿಗೆ ತಾನೇ ರುಚಿಸೀತು! ಆದರೂ ನಾಟಕ ಮುಗಿದ ಮೇಲೆ ಪ್ರವಾಸಿಗರು ಹುಡುಕಿಕೊಂಡು ಬಂದದ್ದು ಟಗ್ ಹೊಳೆಯ ದಂಡೆಗೇ.

ಮತ್ತೊಂದು ಗುಂಪಿನವರು ಪ್ರೇಮಕಥೆಗೆ ಮನಸೋತರು. ಮೆಕಾಯ್‌ನ ಮಗಳು ರೋಸಾನಾ 1880ರಲ್ಲಿ ಹ್ಯಾಟ್‌ಫೀಲ್ಡನ ಮಗ ಜಾನ್ಸಿಯ ಹಿಂದೆ ಹೋದದ್ದೂ, ತನ್ನವರು ಅವನನ್ನು ಹಿಡಿದಾಗ ರಾತ್ರಿಯೇ ಕುದುರೆಯೇರಿ ಅವನ ತಂದೆಗೆ ಸುದ್ದಿ ಮುಟ್ಟಿಸಿದ್ದೂ ಆ ನಾಡಿನಲ್ಲಿ ಮನೆಮಾತಾದ ಸಂಗತಿಗಳು. ಆದರೆ ಮರುವರ್ಷವೇ ಜಾನ್ಸಿ ಮದುವೆಯಾದದ್ದು ಅವಳ ಚಿಕ್ಕಪ್ಪನ ಮಗಳು ನ್ಯಾನ್ಸಿಯನ್ನು. ಆ ನ್ಯಾನ್ಸಿಯಾದರೂ ಮುಂದೆ ಅವನನ್ನು ತೊರೆದು, ಹ್ಯಾಟ್‌ಫೀಲ್ಡರನ್ನು ಬೇಟೆಯಾಡಿದ ಫ್ರ್ಯಾಂಕ್ ಫಿಲಿಪ್ಸ್‌ನ ಕೈಹಿಡಿದಳು. ಇದನ್ನು ಕಾದಂಬರಿಕಾರನು ಬರೆದಿದ್ದರೆ ಅತಿಯಾಯಿತೆಂದು ಸಂಪಾದಕರು ಹಿಂದಿರುಗಿಸುತ್ತಿದ್ದರು.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಸತ್ಯದ್ದು. ನಾಟಕವು ಇಬ್ಬರು ಹಿರಿಯರನ್ನೂ ಯುದ್ಧದಲ್ಲಿ ಜೊತೆಗೂಡಿ ಹೋರಾಡಿದ ಸ್ನೇಹಿತರನ್ನಾಗಿ ತೋರಿಸಿ, ಒಬ್ಬನು ಸೈನ್ಯವನ್ನು ಬಿಟ್ಟು ಮನೆಗೆ ಬಂದದ್ದರಿಂದಲೇ ವೈರದ ಬೀಜ ಬಿತ್ತೆನ್ನುತ್ತದೆ. ರಂಗಕ್ಕೆ ಇದು ಒಪ್ಪುವ ಕಲ್ಪನೆ. ಆದರೆ 1988ರಲ್ಲಿ ಆಲ್ಟಿನಾ ವಾಲರ್ ಎಂಬ ಇತಿಹಾಸಕಾರರು ಈ ಹಗೆಯನ್ನು ಕುರಿತು ಬರೆದ ಗ್ರಂಥವು ನಮ್ಮ ದೃಷ್ಟಿಯನ್ನು ಬೇರೆಡೆಗೆ ತಿರುಗಿಸುತ್ತದೆ. ಡೆವಿಲ್ ಆ್ಯನ್ಸನು ಮರದ ವ್ಯಾಪಾರಿ. 1870ರ ದಶಕದಲ್ಲಿ ಪೆರ್‍ರಿ ಕ್ಲೈನ್ ಎಂಬಾತನು ಒಂದು ದಾವೆಯಲ್ಲಿ ತನ್ನ 5,000 ಎಕರೆ ಕಾಡನ್ನು ಅವನಿಗೆ ಬಿಟ್ಟುಕೊಡಬೇಕಾಯಿತು. ಅದೇ ಕ್ಲೈನ್ ಮುಂದೆ ಪೈಕ್‌ವಿಲ್ ಪಟ್ಟಣದಲ್ಲಿ ವಕೀಲನಾಗಿ, ಐದು ವರ್ಷ ಧೂಳು ತಿನ್ನುತ್ತಿದ್ದ ಕೊಲೆಯ ಮೊಕದ್ದಮೆಯನ್ನು 1887ರಲ್ಲಿ ಮತ್ತೆ ಎಬ್ಬಿಸಿದನು. ಕೆಂಟಕಿಯ ಗವರ್ನರರಿಂದ ಬಹುಮಾನವನ್ನೂ ಸಾರಿಸಿದನು. ಆಗ ಆ ಕಣಿವೆಗೆ ರೈಲುಮಾರ್ಗ ಬರುವ ಸುದ್ದಿ ಹಬ್ಬಿತ್ತು. ನೆಲದ ಅಡಿಯಲ್ಲಿದ್ದ ಕಲ್ಲಿದ್ದಲಿನ ಮೇಲೆ ನಗರದ ಹಣವಂತರ ಕಣ್ಣು ಬಿದ್ದಿತ್ತು.

ಪತ್ರಿಕೆಗಳು ಬಂದದ್ದೂ ಇದೇ ಸಮಯದಲ್ಲಿ. ನ್ಯೂಯಾರ್ಕಿನ ಬಾತ್ಮೀದಾರನಾದ ಟಿ. ಸಿ. ಕ್ರಾಫರ್ಡ್ 1889ರಲ್ಲಿ ಪ್ರಕಟಿಸಿದ ಪುಸ್ತಕವು ಬೆಟ್ಟದ ಜನರನ್ನು ಅನಾಗರಿಕರೆಂದು ಚಿತ್ರಿಸಿತು. ಅನಾಗರಿಕನ ಕೈಯಿಂದ ಭೂಮಿಯನ್ನು ಕಡಿಮೆ ಬೆಲೆಗೆ ಕೊಳ್ಳುವುದು ಪಾಪವೆಂದು ಯಾರಿಗೂ ಅನಿಸುವುದಿಲ್ಲವಷ್ಟೆ. ನಾಟಕದಲ್ಲಿ ಕ್ಲೈನ್‌ನ ಪಾತ್ರವೇನೋ ಇದೆ. ಆದರೆ ಕೆಸರು, ರಕ್ತ, ಸಾರಾಯಿಗಳ ಮಧ್ಯೆ ಅವನ ಲೆಕ್ಕಾಚಾರ ಮಸುಕಾಗಿ ಹೋಗಿದೆ. ‘ನಮ್ಮವರನ್ನು ಮತ್ತೆ ಕಾಡುಜನರನ್ನಾಗಿ ತೋರಿಸಿದರು’ ಎಂಬ ಅಪಲೇಚಿಯನ್ ಪ್ರೇಕ್ಷಕರ ನೋವಿಗೆ ಕಾರಣವಿದೆ.

ಆ ನೋವಿನ ತಿರುಳು ಕಾಣುವುದು ಎಲ್ಲಿಸನ್ ಮೌಂಟ್ಸ್‌ನ ಕಥೆಯಲ್ಲಿ. ಇವನು ಕೊಲೆಯಾದ ಎಲ್ಲಿಸನ್‌ನ ಅಕ್ರಮ ಸಂತಾನ. ಬಿಳಿಯ ಕೂದಲಿನ, ಬುದ್ಧಿ ಮಂದವಾಗಿದ್ದ ಹುಡುಗನೆಂದು ಪ್ರತೀತಿ. ಮನೆ ಸುಟ್ಟ ರಾತ್ರಿಯ ಗುಂಪಿನಲ್ಲಿ ಇವನೂ ಇದ್ದನು. ಆ್ಯಲಿಫೇರಳನ್ನು ಕೊಂದೆನೆಂದು ತಪ್ಪೊಪ್ಪಿಕೊಂಡನು. ಉಳಿದವರಿಗೆ ಜೀವಾವಧಿ ಶಿಕ್ಷೆ, ಇವನೊಬ್ಬನಿಗೆ ಗಲ್ಲು. 1890ರ ಫೆಬ್ರವರಿ 18ರಂದು ಪೈಕ್‌ವಿಲ್‌ನಲ್ಲಿ ಸಾವಿರಾರು ಜನರು ನೆರೆದು ಅದನ್ನು ನೋಡಿದರು. ಡೆವಿಲ್ ಆ್ಯನ್ಸನು ಒಂದು ದಿನವೂ ಕೆಂಟಕಿಯ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ನಾಟಕವು ಈ ಗಲ್ಲಿನ ದೃಶ್ಯವನ್ನು ಆತುರಪಡದೆ ತೋರಿಸುತ್ತದೆ. ಅಲ್ಲಿಯವರೆಗೆ ಯಾವ ಪಕ್ಷ ಗೆಲ್ಲುವುದೋ ಎಂದು ಪಣ ಕಟ್ಟುವವರಂತೆ ನೋಡುತ್ತಿದ್ದವರೂ ಇಲ್ಲಿ ತಲೆ ತಗ್ಗಿಸಬೇಕಾಗುತ್ತದೆ.

ಎರಡು ಕುಲದ ವಂಶಸ್ಥರು ಈ ಚರಿತ್ರೆಯೊಡನೆ ಹಗುರವಾಗಿಯೂ ಬಾಳಿದ್ದಾರೆ. 1979ರಲ್ಲಿ ‘ಫ್ಯಾಮಿಲಿ ಫ್ಯೂಡ್’ ಎಂಬ ಟೆಲಿವಿಷನ್ ಸ್ಪರ್ಧೆಯಲ್ಲಿ ಎದುರುಬದುರಾಗಿ ನಿಂತರು. ರಂಗದ ಮೇಲೆ ಒಂದು ಹಂದಿಯನ್ನೂ ಇರಿಸಲಾಗಿತ್ತು. 2003ರ ಜೂನ್ 14ರಂದು ವಿಧಿಪೂರ್ವಕವಾಗಿ ಶಾಂತಿಪತ್ರಕ್ಕೆ ಸಹಿ ಹಾಕಿದರು.

ನಾಟಕದ ಅಂತ್ಯವನ್ನು ಕುರಿತು ಚರ್ಚೆ ನಡೆದದ್ದು ಸಹಜ. ಡೆವಿಲ್ ಆ್ಯನ್ಸನು ನದಿಯ ನೀರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತಾನೆ. ಮೆಕಾಯ್ ಕುಡಿದ ಅಮಲಿನಲ್ಲಿ ತಾನೇ ಹಚ್ಚಿದ ಬೆಂಕಿಯಲ್ಲಿ ಬೇಯುತ್ತಾನೆ. ಒಬ್ಬನಿಗೆ ನೀರು, ಇನ್ನೊಬ್ಬನಿಗೆ ಬೆಂಕಿ! ಮೊದಲನೆಯದು ನಿಜ, ಅದು ನಡೆದದ್ದು 1911ರಲ್ಲಿ. ಮೆಕಾಯ್ ಮಾತ್ರ ಪೈಕ್‌ವಿಲ್‌ನಲ್ಲಿ ದೋಣಿ ದಾಟಿಸುತ್ತ ಇನ್ನೂ ಬಹುಕಾಲ ಬದುಕಿದ್ದು, 1914ರಲ್ಲಿ ಅಕಸ್ಮಾತ್ತಾಗಿ ತಗುಲಿದ ಬೆಂಕಿಯ ಗಾಯಗಳಿಂದ ತೀರಿಕೊಂಡನು. ಆ್ಯನ್ಸನು ಸತ್ತದ್ದು 1921ರಲ್ಲಿ. ಅವನ ಸಮಾಧಿಯ ಮೇಲೆ ಇಟಲಿಯ ಅಮೃತಶಿಲೆಯಲ್ಲಿ ಕಡೆದ, ಆಳೆತ್ತರದ ಅವನ ಪ್ರತಿಮೆ ಈಗಲೂ ಕಣಿವೆಯನ್ನು ನೋಡುತ್ತ ನಿಂತಿದೆ.