ಹದಿಹರೆಯದವರಿಗೊಂದು ಪತ್ರಿಕೆ: ಕೋಲ್ಕತ್ತದ 'ಸಂದೇಶ್'

ಹನ್ನೆರಡು ದಾಟಿ ಹದಿನೇಳು ತುಂಬುವ ತನಕದ ಮಕ್ಕಳಿಗೆ ತಿಂಗಳು ತಿಂಗಳು ಓದಲು ಯಾವ ಪತ್ರಿಕೆ ತರಿಸಬೇಕು ಎಂದು ಕೇಳಿದರೆ ಕನ್ನಡದಲ್ಲಿ ಥಟ್ಟನೆ ಉತ್ತರ ಸಿಗುವುದಿಲ್ಲ. ಪುಟಾಣಿಗಳಿಗೆ ಬಣ್ಣದ ಚಿತ್ರಗಳ ಪತ್ರಿಕೆಗಳಿವೆ, ದೊಡ್ಡವರಿಗೆ ಸುಧಾ, ಮಯೂರ, ತರಂಗಗಳಿವೆ. ನಡುವಿನ ಐದಾರು ವರ್ಷಗಳ ಪಾಲಿಗೆ ಬಂದಿರುವುದು ಗೈಡುಗಳು, ಮಾದರಿ ಪ್ರಶ್ನೆಪತ್ರಿಕೆಗಳು, ಹೆಚ್ಚೆಂದರೆ ಸಾಮಾನ್ಯ ಜ್ಞಾನದ ಮಾಸಿಕಗಳು. ಅಪ್ಪ ಅಮ್ಮಂದಿರು ಹುಡುಕಲು ಹೊರಟಾಗ ಎರಡು ಷರತ್ತು ಇಟ್ಟುಕೊಂಡೇ ಹೊರಡುತ್ತಾರೆ: ಅದರಲ್ಲಿ ಹಾಳುಮೂಳು ಇರಬಾರದು, ಮಕ್ಕಳು ಬೇಸರಪಡದೆ ಓದಬೇಕು. ಇವೆರಡೂ ಒಟ್ಟಿಗೆ ಕೂಡಿಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಸಭ್ಯವಾದದ್ದೆಲ್ಲ ಸಪ್ಪೆ, ರಂಜಿಸುವಂಥದ್ದೆಲ್ಲ ಕೆಡಿಸುವಂಥದ್ದು ಎಂದು. ಈ ನಂಬಿಕೆಯಲ್ಲಿ ಹುರುಳಿಲ್ಲ ಎನ್ನಲು ಕೋಲ್ಕತ್ತದಲ್ಲಿ 1913ರಲ್ಲಿ ಹುಟ್ಟಿದ 'ಸಂದೇಶ್' ಎಂಬ ಬಂಗಾಳಿ ಮಾಸಪತ್ರಿಕೆಗಿಂತ ಒಳ್ಳೆಯ ಸಾಕ್ಷಿ ನಮ್ಮ ದೇಶದಲ್ಲಿ ಸಿಗುವುದು ಕಷ್ಟ.

ಅದನ್ನು ಆರಂಭಿಸಿದ ಉಪೇಂದ್ರಕಿಶೋರ್ ರಾಯ್‌ಚೌಧರಿ ಕಥೆಗಾರರಷ್ಟೇ ಅಲ್ಲ, ಚಿತ್ರಕಾರರೂ ಸಂಗೀತಗಾರರೂ ಆಗಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಮುದ್ರಣದ ಹುಚ್ಚು ಹಿಡಿದವರು. ಮಕ್ಕಳಿಗೆಂದು ತಾವು ಬರೆದ ರಾಮಾಯಣಕ್ಕೆ ಬಿಡಿಸಿದ ಚಿತ್ರಗಳು ಮರದ ಅಚ್ಚಿನಲ್ಲಿ ಕೆಟ್ಟದಾಗಿ ಮೂಡಿದ್ದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಇಂಗ್ಲೆಂಡಿನಿಂದ ಕ್ಯಾಮೆರಾ, ಸಲಕರಣೆ, ಪುಸ್ತಕಗಳನ್ನು ತರಿಸಿಕೊಂಡು ಹಾಫ್‌ಟೋನ್ ಬ್ಲಾಕ್ ಮಾಡುವ ವಿದ್ಯೆಯನ್ನು ಸ್ವಂತವಾಗಿ ಕಲಿತು, 1895ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಈ ವಿದ್ಯೆಯ ಬಗ್ಗೆ ಅವರು ಬರೆದ ಲೇಖನಗಳು ಲಂಡನ್ನಿನ 'ಪೆನ್‌ರೋಸ್' ವಾರ್ಷಿಕದಲ್ಲಿ ಅಚ್ಚಾದವು. ಅಂದರೆ 'ಸಂದೇಶ್' ಹೊರಬಂದದ್ದು ಆಗಿನ ಭಾರತದ ಅತ್ಯುತ್ತಮ ಮುದ್ರಣಾಲಯಗಳಲ್ಲೊಂದರಿಂದ. 'ಮಕ್ಕಳದ್ದಲ್ಲವೇ, ನಡೆಯುತ್ತೆ ಬಿಡಿ' ಎಂಬ ಧೋರಣೆಗೆ ಅಲ್ಲಿ ಮೊದಲ ದಿನದಿಂದಲೇ ಜಾಗವಿರಲಿಲ್ಲ. ಹಾಡಲು ಬಾರದ ಗೂಪಿ, ಡೋಲು ಬಾರಿಸಲು ಬಾರದ ಬಾಘಾ ಇಬ್ಬರಿಗೂ ಭೂತಗಳು ವರ ಕೊಡುವ ಕಥೆಯನ್ನು ಉಪೇಂದ್ರಕಿಶೋರರು ತಾವೇ ಚಿತ್ರ ಬರೆದು ಪ್ರಕಟಿಸಿದ್ದು ಇದೇ ಪತ್ರಿಕೆಯಲ್ಲಿ. ಮೊಮ್ಮಗ ಸತ್ಯಜಿತ್ ರೇ 1969ರಲ್ಲಿ ಅದನ್ನು ಸಿನಿಮಾ ಮಾಡಿದ ಮೇಲೆ ಬಂಗಾಳಿ ಬಾರದವರಿಗೂ ಆ ಜೋಡಿ ಪರಿಚಯವಾಯಿತು.

1915ರ ಕೊನೆಯಲ್ಲಿ ಉಪೇಂದ್ರಕಿಶೋರರು ತೀರಿಕೊಂಡಾಗ ಪತ್ರಿಕೆ ಮಗ ಸುಕುಮಾರ್ ರೇ ಕೈಗೆ ಬಂತು. ಲಂಡನ್, ಮ್ಯಾಂಚೆಸ್ಟರ್‌ಗಳಲ್ಲಿ ಮುದ್ರಣ ತಂತ್ರ ಕಲಿತು ಬಂದಿದ್ದ ಇವರು ಸಾಹಿತ್ಯದಲ್ಲಿ ತಂದೆಗಿಂತ ಒಂದು ಹೆಜ್ಜೆ ಮುಂದೆ. 'ಪಾಗ್ಲಾ ದಾಶು' ಎಂಬ ಶಾಲಾ ಹುಡುಗನ ಕಥೆಗಳನ್ನೇ ನೋಡಿ. ದಾಶು ಒಂದು ದಿನ ಶಾಲೆಗೆ ಪೆಟ್ಟಿಗೆಯೊಂದನ್ನು ತರುತ್ತಾನೆ. ಒಳಗೇನಿದೆ ಎಂದು ಯಾರು ಕೇಳಿದರೂ ಬಾಯಿ ಬಿಡುವುದಿಲ್ಲ. ಒಮ್ಮೆ ಅದನ್ನು ಬಿಟ್ಟು ಹೋದಾಗ ಹುಡುಗರೆಲ್ಲ ಮುತ್ತಿಕೊಂಡು ಬಿಚ್ಚುತ್ತಾರೆ. ಒಂದರೊಳಗೊಂದು ಕಟ್ಟು, ಅದರೊಳಗೆ ಮತ್ತೊಂದು ಕಟ್ಟು. ಕೊನೆಗೆ ಸಿಗುವುದು ಅವರ ಅತಿ ಕುತೂಹಲವನ್ನೇ ಗೇಲಿ ಮಾಡುವ ಕಾಗದದ ಚೂರು. ಇಲ್ಲಿ ಉಪದೇಶವೂ ಇದೆ ಎನ್ನಿ, ಆದರೆ ಅದು ಹೆಡ್‌ಮಾಸ್ತರರ ಬಾಯಿಂದ ಬಂದದ್ದಲ್ಲ, ತರಗತಿಯ ಅತಿ ತುಂಟನ ಕೈಚಳಕ. ಇದೇ ಸುಕುಮಾರ್ ಅದೇ ಪತ್ರಿಕೆಯಲ್ಲಿ ಸಾಕ್ರೆಟಿಸ್, ಗೆಲಿಲಿಯೊ, ಡಾರ್ವಿನ್, ಪ್ಯಾಶ್ಚರ್ ಅವರ ಬದುಕನ್ನು, ಹೊಸ ಯಂತ್ರಗಳ ಒಳಗುಟ್ಟನ್ನು ಬರೆದರು. ಕರವಸ್ತ್ರ ಇದ್ದಕ್ಕಿದ್ದಂತೆ ಬೆಕ್ಕಾಗುವ, ನಲವತ್ತು ತುಂಬಿದ ಮೇಲೆ ವಯಸ್ಸು ಹಿಂದಕ್ಕೆ ಓಡುವ ಅಸಂಗತ ಲೋಕದ 'ಹ ಯ ಬ ರ ಲ' ಕೂಡ ಅಲ್ಲಿಯದೇ. ತಮಾಷೆಗೊಂದು ಪುಟ, ಜ್ಞಾನಕ್ಕೊಂದು ಪುಟ ಎಂಬ ಹಂಚಿಕೆಯನ್ನು ಅವರು ಒಪ್ಪಲಿಲ್ಲ. ಬರೆಯುವ ಕೈ ಒಂದೇ, ಓದುವ ತಲೆಯ ಮೇಲಿನ ಭರವಸೆಯೂ ಒಂದೇ. ಕಾಲಾ ಅಜಾರ್ ಜ್ವರ 1923ರಲ್ಲಿ ಅವರನ್ನು ಬಲಿ ತೆಗೆದುಕೊಂಡಾಗ ಅವರಿಗಿನ್ನೂ ಮೂವತ್ತಾರು ತುಂಬಿರಲಿಲ್ಲ. ಸ್ವಲ್ಪ ಕಾಲದಲ್ಲೇ ಸಂಸ್ಥೆ ಮುಳುಗಿತು, ಪತ್ರಿಕೆ ಕುಂಟಿ ಕುಂಟಿ ನಿಂತುಹೋಯಿತು.

ನನ್ನ ವಾದಕ್ಕೆ ಹೆಚ್ಚು ಬಲ ಕೊಡುವುದು ಪತ್ರಿಕೆಯ ಎರಡನೆಯ ಜನ್ಮ. 1961ರಲ್ಲಿ ಸತ್ಯಜಿತ್ ರೇ ಅವರು ಕವಿ ಸುಭಾಷ್ ಮುಖೋಪಾಧ್ಯಾಯರ ಜೊತೆಗೂಡಿ 'ಸಂದೇಶ್' ಅನ್ನು ಮತ್ತೆ ಹೊರಡಿಸಿದರು. ಆಗ ರೇಗೆ ನಲವತ್ತು. ಸಿನಿಮಾ ನಿರ್ದೇಶಕರಾಗಿ ಜಗತ್ತಿಗೇ ಗೊತ್ತಿದ್ದರೂ ಬಂಗಾಳಿ ಕಥೆಗಾರ ಎಂಬ ಹೆಸರು ಅವರಿಗಿರಲಿಲ್ಲ. ಪತ್ರಿಕೆ ಶುರುಮಾಡಿದ ಮೇಲೆ ಪುಟ ತುಂಬಿಸಬೇಕಲ್ಲ, ಬರೆಯತೊಡಗಿದರು. ಅದೇ ವರ್ಷ ವಿಜ್ಞಾನಿ ಪ್ರೊಫೆಸರ್ ಶೊಂಕು ಬಂದ; 1965ರ ಕೊನೆಗೆ ಪತ್ತೇದಾರ ಫೆಲೂದಾ ಬಂದ. ಫೆಲೂದಾನ ಮೊದಲ ಕಥೆ ನಡೆಯುವುದು ಡಾರ್ಜಿಲಿಂಗಿನಲ್ಲಿ. ಹೇಳುವವನು ಅವನ ಚಿಕ್ಕಪ್ಪನ ಮಗ ತೋಪ್ಶೆ, ಹದಿಮೂರು ದಾಟಿದ ಹುಡುಗ. ರಾಜೇನ್ ಬಾಬು ಎಂಬ ಮರ್ಯಾದಸ್ಥ ವೃದ್ಧರಿಗೆ ಅಚ್ಚಾದ ಕಾಗದಗಳಿಂದ ಕತ್ತರಿಸಿ ಅಂಟಿಸಿದ ಅಕ್ಷರಗಳ ಬೆದರಿಕೆ ಪತ್ರ ಬಂದಿದೆ. ಕೊಲೆಯಿಲ್ಲ, ರಕ್ತವಿಲ್ಲ, ಬಂದೂಕೂ ಇಲ್ಲ. ಹುಡುಕುತ್ತಾ ಹೋದರೆ ಪತ್ರದ ಬೇರು ಇರುವುದು ಶಾಲಾ ದಿನಗಳ ಓಟದ ಪಂದ್ಯದಲ್ಲಿ ಹುಡುಗನೊಬ್ಬ ಗೆಲ್ಲುವ ಆಸೆಗೆ ಇನ್ನೊಬ್ಬನಿಗೆ ಮಾಡಿದ ಅನ್ಯಾಯದಲ್ಲಿ. ಹದಿಮೂರು ವರ್ಷದ ಓದುಗನಿಗೆ ಇದಕ್ಕಿಂತ ಹತ್ತಿರದ ಅಪರಾಧ ಬೇರೆ ಯಾವುದಿದೆ? ಓದಿಸಿಕೊಳ್ಳುವ ಕುತೂಹಲವೂ ನೈತಿಕ ಪ್ರಶ್ನೆಯೂ ಇಲ್ಲಿ ಬೇರೆಬೇರೆಯಾಗಿಲ್ಲ. ರೋಚಕತೆ ತೆಗೆದರೆ ನೀತಿ ಉಳಿಯುವುದಿಲ್ಲ, ನೀತಿ ತೆಗೆದರೆ ಪತ್ತೇದಾರಿಗೆ ಕೊನೆಯೇ ಇರುವುದಿಲ್ಲ.

ಓದುಗರನ್ನು ಬರೀ ಓದುಗರಾಗಿ ಬಿಡದಿರುವುದು 'ಸಂದೇಶ್'ನ ಇನ್ನೊಂದು ಗುಟ್ಟು. ಚಂದಾದಾರ ಹುಡುಗ ಹುಡುಗಿಯರು ಬರೆದ ಕಥೆ, ಪದ್ಯ, ಚಿತ್ರಗಳಿಗೆ 'ಹಾತ್ ಪಾಕಾಬಾರ್ ಆಸರ್' ಎಂಬ ವಿಭಾಗವಿತ್ತು. ಕೈ ಪಳಗಿಸಿಕೊಳ್ಳುವ ಕಟ್ಟೆ ಎನ್ನಬಹುದು. ಹಕ್ಕಿ, ಹುಳ, ಗಿಡಗಳನ್ನು ತಾವೇ ನೋಡಿ ಬರೆದು ಕಳಿಸುವವರಿಗಾಗಿ ಪ್ರಕೃತಿ ವೀಕ್ಷಣೆಯ ಅಂಕಣವೊಂದು ನಡೆಯುತ್ತಿತ್ತು. ಸಂಪಾದಕತ್ವದಲ್ಲಿ ಲೀಲಾ ಮಜುಂದಾರ್, ನಲಿನಿ ದಾಸ್ ಕೈಜೋಡಿಸಿದರು. ಇಬ್ಬರೂ ರೇ ಬಂಧುಗಳೇ. ಸಹಕಾರಿ ಸಂಘ ಕಟ್ಟಿಕೊಂಡು ನಡೆಸಿದ ಈ ಪತ್ರಿಕೆಯಲ್ಲಿ ಲಾಭ ಎಂಬ ಮಾತಿರಲಿಲ್ಲ. ಮುಖಪುಟ, ಒಳಚಿತ್ರಗಳನ್ನು ರೇ ಅವರೇ ಬರೆಯುತ್ತಿದ್ದರು. ಇದನ್ನು ತ್ಯಾಗ ಎಂದು ಹೊಗಳುವುದು ಸುಲಭ. ಆದರೆ ಕೆಲವೇ ಜನರ ದುಡಿಮೆಯ ಮೇಲೆ ನಿಂತದ್ದು ಆ ಪತ್ರಿಕೆಯ ದೌರ್ಬಲ್ಯವೂ ಹೌದು. ಆ ಕೈಗಳು ಒಂದೊಂದಾಗಿ ಕಣ್ಮರೆಯಾದಂತೆ ಸಂಚಿಕೆಗಳು ತಡವಾಗುವುದು ಹೆಚ್ಚಿತು.

ಮೂರು ತಲೆಮಾರು ಪ್ರತಿಭೆ ಹೊತ್ತು ಹುಟ್ಟಿದ ಮನೆ ಅದು, ಎಲ್ಲ ಭಾಷೆಗೂ ಅಂಥ ಮನೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಕೇಳಲು ಸರಿಯಾಗಿಯೇ ಇದೆ, ಆದರೆ ಕ್ರಮ ತಿರುವುಮುರುವಾಗಿದೆ. ರೇ ಕಥೆಗಾರರಾದದ್ದರಿಂದ ಪತ್ರಿಕೆ ಹುಟ್ಟಲಿಲ್ಲ. ಪತ್ರಿಕೆ ಬೇಡಿದ್ದರಿಂದ ಅವರು ಕಥೆಗಾರರಾದರು. ಕನ್ನಡದಲ್ಲೂ ಪ್ರತಿಭೆಗೆ ಬರವಿರಲಿಲ್ಲ. ಕುವೆಂಪು ಕಿಂದರಿಜೋಗಿಯನ್ನು ಬೊಮ್ಮನಹಳ್ಳಿಗೆ ತಂದರು, ರಾಜರತ್ನಂ ಶಿಶುಗೀತೆ ಬರೆದರು, ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಒಬ್ಬರೇ ಕಟ್ಟಿದರು. ಇವತ್ತಿಗೂ ಹೈಸ್ಕೂಲು, ಪಿಯುಸಿ ಹುಡುಗರ ಕೈಯಲ್ಲಿ ಪಠ್ಯದಾಚೆಗಿನ ಕನ್ನಡ ಪುಸ್ತಕ ಕಂಡರೆ ಅದು ತೇಜಸ್ವಿಯವರದ್ದೇ ಆಗಿರುವುದು ಹೆಚ್ಚು. 'ಕರ್ವಾಲೊ', 'ಪರಿಸರದ ಕತೆ', ಮಿಲೆನಿಯಂ ಸರಣಿ ಯಾವುದನ್ನೂ ಹದಿಹರೆಯದವರಿಗೆಂದು ಸರಳಗೊಳಿಸಿ ಬರೆದದ್ದಲ್ಲ. ಹಾಗಾಗಿಯೇ ಅವರಿಗೆ ಹಿಡಿಸಿತು. ಕೊರತೆ ಇದ್ದದ್ದು ಇಂಥ ಲೇಖಕರಿಂದ ತಿಂಗಳು ತಿಂಗಳು ಕಾಡಿ ಬೇಡಿ ಬರೆಸಿಕೊಳ್ಳುವ ಸಂಪಾದಕರದ್ದು. 'ಚಂದಮಾಮ' ನಮ್ಮ ಮನೆಮನೆಯ ಪತ್ರಿಕೆಯಾಗಿತ್ತು, ಅದರ ಚಿತ್ರಗಳಿಗೆ ಸಾಟಿಯಿರಲಿಲ್ಲ; ಆದರೆ ಅದು ರಾಜಕುಮಾರರ, ಬೇತಾಳಗಳ ಲೋಕ ಬಿಟ್ಟು ಓದುಗನ ಬೀದಿಗೆ ಇಳಿದದ್ದು ಕಡಿಮೆ, ಕೊನೆಗೆ ಅದೂ ನಿಂತಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಹೈಸ್ಕೂಲು ಮಕ್ಕಳ ಬುದ್ಧಿಯನ್ನು ಗೌರವಿಸಿದ ಪತ್ರಿಕೆ. ಜೆ.ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥವರು ಅದನ್ನು ಕಟ್ಟಿದರು. ಕಥೆ, ಹಾಸ್ಯ, ಸಾಹಸ ಅದರ ವ್ಯಾಪ್ತಿಗೆ ಬರಲಿಲ್ಲ. ಬರಬೇಕಿತ್ತು ಎನ್ನುವುದೂ ತಪ್ಪಾದೀತು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಸಭ್ಯತೆಯ ಹೆಸರಿನಲ್ಲಿ ಹದಿಹರೆಯದ ನಿಜವಾದ ತಳಮಳಗಳ ಬಗ್ಗೆ, ಎಂದರೆ ದೇಹದ ಬದಲಾವಣೆ, ಆಕರ್ಷಣೆ, ಒಂಟಿತನ, ಅಂಕಗಳ ಭಯದ ಬಗ್ಗೆ ಬಾಯಿ ಮುಚ್ಚಿಕೊಳ್ಳುವುದು ಎಷ್ಟು ಸರಿ? ಫೆಲೂದಾ ಕಥೆಗಳಲ್ಲಿ ಹೆಣ್ಣುಮಕ್ಕಳು ಕಾಣಿಸುವುದೇ ಅಪರೂಪ. ಹುಡುಗಿಯೊಬ್ಬಳು ಅಲ್ಲಿ ತನ್ನನ್ನು ಹುಡುಕಿಕೊಂಡರೆ ಸಿಗುವುದು ತೀರಾ ಕಡಿಮೆ. ಇದನ್ನು ಒಪ್ಪಲೇಬೇಕು. ಆದರೆ ಅದೇ 'ಸಂದೇಶ್'ನಲ್ಲಿ ನಲಿನಿ ದಾಸ್ 'ಗಂಡಾಲು' ಎಂಬ ಕಥಾಮಾಲೆ ಬರೆದರು. ಅಲ್ಲಿ ಪತ್ತೇದಾರಿ ಮಾಡುವವರು ಹಾಸ್ಟೆಲಿನ ನಾಲ್ವರು ಹುಡುಗಿಯರು. ಒಬ್ಬ ಲೇಖಕನಲ್ಲಿರುವ ಕೊರತೆಯನ್ನು ಪಕ್ಕದ ಪುಟದಲ್ಲಿ ಇನ್ನೊಬ್ಬರು ತುಂಬಬಲ್ಲರು. ಪತ್ರಿಕೆಗಿರುವ ಈ ಅನುಕೂಲ ಪುಸ್ತಕಕ್ಕಿಲ್ಲ. ಉಳಿದ ಮೌನವನ್ನು ಮಾತ್ರ ಸಮರ್ಥಿಸಲಾರೆ. ಕೋಲ್ಕತ್ತದಿಂದಲೇ 1967ರಲ್ಲಿ ಹೊರಟ ಇಂಗ್ಲಿಷಿನ 'ಜೂನಿಯರ್ ಸ್ಟೇಟ್ಸ್‌ಮನ್' ಪಾಪ್ ಸಂಗೀತ, ಉಡುಪು, ಯುವಜನರ ಚರ್ಚೆ ಎಲ್ಲಕ್ಕೂ ಬಾಗಿಲು ತೆರೆದಿತ್ತು, ಹತ್ತು ವರ್ಷ ನಡೆದು ಮುಚ್ಚಿತು. ಇಂದು ಕನ್ನಡದಲ್ಲಿ ಹೊಸದಾಗಿ ಯಾರಾದರೂ ಇಂಥ ಪತ್ರಿಕೆ ತಂದರೆ 'ಸಂದೇಶ್'ನ ಕಥನಶ್ರದ್ಧೆ, 'ಜೂನಿಯರ್ ಸ್ಟೇಟ್ಸ್‌ಮನ್'ನ ಬಿಚ್ಚುಮನಸ್ಸು ಎರಡೂ ಬೇಕು. ಮುಟ್ಟಿನ ಬಗ್ಗೆ ವೈದ್ಯೆಯೊಬ್ಬರು ನೇರವಾಗಿ ಬರೆದ ಪುಟದಿಂದ ಯಾವ ಪತ್ರಿಕೆಯೂ ಅಸಭ್ಯವಾಗುವುದಿಲ್ಲ.

ಮೊಬೈಲ್ ಬಂದ ಮೇಲೆ ಪತ್ರಿಕೆ ಯಾರಿಗೆ ಬೇಕು ಎಂಬುದು ಎಲ್ಲರೂ ಹೇಳುವ ಮಾತು. ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ಕೊಳ್ಳುವವರೂ ಇದೇ ಮೊಬೈಲಿನ ಮಕ್ಕಳೇ. ಓದುವ ಚಪಲ ಸತ್ತಿಲ್ಲ, ಕನ್ನಡದಲ್ಲಿ ಅದಕ್ಕೆ ತಿಂಗಳಿನ ಮೇವು ಇಲ್ಲ. ಹಣದ ಪ್ರಶ್ನೆಗೂ ನೆರೆಹೊರೆಯಲ್ಲಿ ದಾರಿ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ಪಠ್ಯಪುಸ್ತಕ ತಯಾರಿಸುವ ಬಾಲಭಾರತಿಯೇ 1971ರಿಂದ 'ಕಿಶೋರ್' ಮಾಸಿಕ ಹೊರಡಿಸುತ್ತಿದೆ. ಭೋಪಾಲದ ಏಕಲವ್ಯ ಸಂಸ್ಥೆ 1985ರಲ್ಲಿ ಹಿಂದಿಯ 'ಚಕಮಕ್' ಶುರುಮಾಡಿತು. ಒಂದರ ಬೆನ್ನಿಗೆ ಸರ್ಕಾರ, ಇನ್ನೊಂದರ ಬೆನ್ನಿಗೆ ಸ್ವಯಂಸೇವಾ ಸಂಸ್ಥೆ. ಒಂದು ಕುಟುಂಬದ ಜೇಬಿನ ಮೇಲೆ ಎರಡೂ ನಿಂತಿಲ್ಲ. ನಮ್ಮಲ್ಲೂ ಶಾಲಾ ಗ್ರಂಥಾಲಯಗಳು, ಜಿಲ್ಲಾ ಗ್ರಂಥಾಲಯಗಳು ಚಂದಾ ಕಟ್ಟಿದರೆ ಸಣ್ಣ ಪತ್ರಿಕೆಯೊಂದು ಉಸಿರಾಡಬಲ್ಲದು.

ಅಲ್ಲಿಯವರೆಗೆ ಮನೆಗೆ ಯಾವುದಾದರೂ ಪತ್ರಿಕೆ ತರಿಸುವ ಮುನ್ನ ಹೆತ್ತವರು ಒಂದು ಹಳೆಯ ಸಂಚಿಕೆ ತಂದು ಮೊದಲು ತಾವೇ ಓದಲಿ. ಅದರ ಧಾರಾವಾಹಿ ನಿಮ್ಮನ್ನು ಮುಂದಿನ ತಿಂಗಳಿಗೆ ಕಾಯಿಸದಿದ್ದರೆ, ಮಕ್ಕಳು ಬರೆದದ್ದಕ್ಕೆ ಅದರಲ್ಲಿ ಒಂದು ಪುಟವೂ ಇಲ್ಲದಿದ್ದರೆ, ಚಂದಾ ಕಟ್ಟಬೇಡಿ.